ವಿಮಾನ ಅಪಹರಣ: ಕ್ಯಾಪ್ಟನ್‌ನ ಕರ್ತವ್ಯ ಮತ್ತು ಧೈರ್ಯ

ನಾಗರಿಕ ವಿಮಾನವೊಂದನ್ನು ಯಾರಾದರೂ ಬಲಪ್ರಯೋಗದಿಂದಲೋ ಬೆದರಿಕೆಯಿಂದಲೋ ತಮ್ಮ ಹಿಡಿತಕ್ಕೆ ತೆಗೆದುಕೊಂಡಾಗ, ಅದರೊಳಗಿನ ಜೀವಗಳನ್ನೂ ವಿಮಾನವನ್ನೂ ಕಾಪಾಡಲು ಅದರ ಮುಖ್ಯ ಪೈಲಟ್ ಕಾನೂನು ಮತ್ತು ವೃತ್ತಿಯ ನಿಯಮಗಳ ಪ್ರಕಾರ ನಿರ್ವಹಿಸಬೇಕಾದ ಹೊಣೆಗಳನ್ನು ಅಪಹರಣದ ವೇಳೆಯ ಕ್ಯಾಪ್ಟನ್‌ನ ಕರ್ತವ್ಯ ಎನ್ನುತ್ತಾರೆ. ಈ ಲೇಖನದಲ್ಲಿ ‘ಕ್ಯಾಪ್ಟನ್’ ಎಂದರೆ ಆ ಹಾರಾಟದ ಹೊಣೆ ಹೊತ್ತ ಪೈಲಟ್. ಪಕ್ಕದ ಆಸನದವರು ಸಹಪೈಲಟ್. ಹಳೆಯ ದೊಡ್ಡ ವಿಮಾನಗಳಲ್ಲಿ ಇವರಿಬ್ಬರ ಹಿಂದೆ ಫ್ಲೈಟ್ ಎಂಜಿನಿಯರ್ ಕೂಡ ಇರುತ್ತಿದ್ದರು. ‘ಅಪಹರಣ’ ಎಂಬುದನ್ನು ಭಾರತದ 2016ರ ಅಪಹರಣ ವಿರೋಧಿ ಕಾಯಿದೆಯ ಅರ್ಥದಲ್ಲೇ ಬಳಸಲಾಗಿದೆ.

ಮೂಲ

ದಾಖಲಾದ ಮೊದಲ ಅಪಹರಣ 1931ರ ಫೆಬ್ರವರಿಯಲ್ಲಿ ಪೆರು ದೇಶದ ಅರೆಕಿಪಾದಲ್ಲಿ ನಡೆಯಿತು. ಅಮೆರಿಕದ ಪೈಲಟ್ ಬೈರನ್ ರಿಕರ್ಡ್ಸ್ ತಮ್ಮ ಫೋರ್ಡ್ ವಿಮಾನವನ್ನು ಇಳಿಸಿದ ಕೂಡಲೇ ಕ್ರಾಂತಿಕಾರಿಗಳು ಸುತ್ತುವರಿದು, ತಾವು ಹೇಳಿದ ಕಡೆ ಹಾರಿಸುವಂತೆ ಬಂದೂಕು ಹಿಡಿದು ಒತ್ತಾಯಿಸಿದರು. ರಿಕರ್ಡ್ಸ್ ಒಪ್ಪಲಿಲ್ಲ. ದಿನಗಟ್ಟಲೆ ಹಗ್ಗಜಗ್ಗಾಟ ನಡೆದು, ಕ್ರಾಂತಿ ಗೆದ್ದ ಮೇಲಷ್ಟೇ ಅವರನ್ನು ಬಿಟ್ಟರು. ಮೂವತ್ತು ವರ್ಷಗಳ ನಂತರ, 1961ರ ಆಗಸ್ಟ್‌ನಲ್ಲಿ, ಅಮೆರಿಕದ ಎಲ್ ಪಾಸೊ ನಿಲ್ದಾಣದಲ್ಲಿ ಅಪಹರಣಕ್ಕೊಳಗಾದ ಕಾಂಟಿನೆಂಟಲ್ ಬೋಯಿಂಗ್ 707ರ ಕ್ಯಾಪ್ಟನ್ ಕೂಡ ಇದೇ ರಿಕರ್ಡ್ಸ್.

1948ರ ಜುಲೈ 16ರಂದು ಮಕಾವ್‌ನಿಂದ ಹಾಂಗ್‌ಕಾಂಗ್‌ಗೆ ಹೊರಟಿದ್ದ ‘ಮಿಸ್ ಮಕಾವ್’ ಎಂಬ ಸಮುದ್ರ ವಿಮಾನದ ಕಥೆ ಬೇರೆ. ದರೋಡೆಗೆಂದು ಹತ್ತಿದವರು ಪೈಲಟ್‌ಗೆ ಗುಂಡು ಹೊಡೆದರು. ನಡೆಸುವವರಿಲ್ಲದ ವಿಮಾನ ಸಮುದ್ರಕ್ಕೆ ಬಿತ್ತು. ಒಳಗಿದ್ದ 26 ಜನರಲ್ಲಿ ಉಳಿದವನು ಒಬ್ಬನೇ, ಅವನೂ ಅಪಹರಣಕಾರರ ಪೈಕಿಯವನು. ಕ್ಯಾಪ್ಟನ್ ಬದುಕಿರುವುದೇ ಪ್ರಯಾಣಿಕರ ಮೊದಲ ರಕ್ಷಣೆ ಎಂಬ ತಿಳಿವಳಿಕೆಗೆ ಇಂಥ ಘಟನೆಗಳು ತಳಹದಿಯಾದವು. ಸಾಹಸಕ್ಕಿಂತ ಸಂಯಮಕ್ಕೆ ಹೆಚ್ಚು ಬೆಲೆ ಕೊಡುವ ವೃತ್ತಿಸಂಪ್ರದಾಯ ಬೆಳೆದದ್ದು ಹೀಗೆ.

ಕಾನೂನಿನ ಚೌಕಟ್ಟು

1963ರ ಟೋಕಿಯೊ ಒಪ್ಪಂದವು ಕ್ಯಾಪ್ಟನ್‌ನ ಅಧಿಕಾರಕ್ಕೆ ಅಂತರರಾಷ್ಟ್ರೀಯ ಮನ್ನಣೆ ಕೊಟ್ಟಿತು. ಪ್ರಯಾಣಿಕರು ಹತ್ತಿದ ಮೇಲೆ ಹೊರಬಾಗಿಲುಗಳು ಮುಚ್ಚಿದ ಕ್ಷಣದಿಂದ ಇಳಿಯಲು ಅವು ತೆರೆಯುವವರೆಗೆ, ವಿಮಾನದ ಸುರಕ್ಷತೆಗೆ ಧಕ್ಕೆ ತರುವವರನ್ನು ಕಟ್ಟಿಹಾಕಲು ಅವರು ಅಪ್ಪಣೆ ಕೊಡಬಹುದು, ಸಿಬ್ಬಂದಿಯ ನೆರವನ್ನು ಕಡ್ಡಾಯವಾಗಿ ಪಡೆಯಬಹುದು, ಪ್ರಯಾಣಿಕರ ನೆರವನ್ನು ಕೋರಬಹುದು. ಬಲವಂತವಾಗಿ ಎಲ್ಲೋ ಇಳಿಯಬೇಕಾಗಿ ಬಂದರೆ, ಸ್ಥಳೀಯ ಅಧಿಕಾರಿಗಳು ಹೊಣೆ ವಹಿಸಿಕೊಳ್ಳುವವರೆಗೂ ಈ ಅಧಿಕಾರ ಮುಂದುವರಿಯುತ್ತದೆ. ಒಪ್ಪಂದದಂತೆ ನಡೆದುಕೊಂಡ ಕ್ಯಾಪ್ಟನ್ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಅಪಹರಣದ ವಿಷಯಕ್ಕೆ ಬಂದರೆ ಹನ್ನೊಂದನೆಯ ವಿಧಿ ಮುಖ್ಯ: ವಿಮಾನದ ಹತೋಟಿಯನ್ನು ಅದರ ನ್ಯಾಯಬದ್ಧ ನಾಯಕನಿಗೆ ಮರಳಿ ಕೊಡಿಸಲು ಸದಸ್ಯ ದೇಶಗಳು ತಕ್ಕ ಕ್ರಮ ಕೈಗೊಳ್ಳಬೇಕು.

1970ರ ಹೇಗ್ ಒಪ್ಪಂದ ಅಪಹರಣವನ್ನು ಪ್ರತ್ಯೇಕ ಅಪರಾಧವನ್ನಾಗಿಸಿತು. 1971ರ ಮಾಂಟ್ರಿಯಲ್ ಒಪ್ಪಂದ ವಿಧ್ವಂಸಕ ಕೃತ್ಯಗಳನ್ನೂ ಸೇರಿಸಿತು. ಭಾರತದಲ್ಲಿ 1975ರ ಟೋಕಿಯೊ ಒಪ್ಪಂದ ಕಾಯಿದೆ, 1982ರ ಅಪಹರಣ ವಿರೋಧಿ ಕಾಯಿದೆ ಇವುಗಳಿಂದ ಬಂದವು. 2010ರ ಬೀಜಿಂಗ್ ಪ್ರೊಟೊಕಾಲ್ ಅನುಸರಿಸಿ ರೂಪಿಸಿದ 2016ರ ಕಾಯಿದೆ 2017ರ ಜುಲೈನಲ್ಲಿ ಜಾರಿಯಾಯಿತು. ಅದರ ಪ್ರಕಾರ ಹಾರಾಟದ ಸಿದ್ಧತೆ ಶುರುವಾದಾಗಿನಿಂದ, ಇಳಿದು 24 ಗಂಟೆ ಕಳೆಯುವವರೆಗೆ ವಿಮಾನ ‘ಸೇವೆಯಲ್ಲಿ’ ಇರುತ್ತದೆ. ನಂಬಬಹುದಾದ ಬೆದರಿಕೆಯೂ ಅಪಹರಣವೇ. ಸಾವು ಸಂಭವಿಸಿದರೆ ಮರಣದಂಡನೆಯವರೆಗೂ ಶಿಕ್ಷೆ ಉಂಟು.

ಕರ್ತವ್ಯದ ರಚನೆ

ಮೊದಲ ಕರ್ತವ್ಯ ವಿಮಾನವನ್ನು ಸುರಕ್ಷಿತವಾಗಿ ಹಾರಿಸುತ್ತಿರುವುದು. ಕುತ್ತಿಗೆಗೆ ಪಿಸ್ತೂಲು ಒತ್ತಿದ್ದರೂ ವೇಗ, ಎತ್ತರ, ಇಂಧನ, ಹವೆ ಇವುಗಳ ಮೇಲಿನ ಗಮನ ಸಡಿಲವಾಗುವಂತಿಲ್ಲ.

ಎರಡನೆಯದು ಸುದ್ದಿ ಮುಟ್ಟಿಸುವುದು. ಪ್ರತಿ ವಿಮಾನದ ಟ್ರಾನ್ಸ್‌ಪಾಂಡರ್ ನಾಲ್ಕು ಅಂಕಿಯ ಸಂಕೇತವೊಂದನ್ನು ನೆಲದ ರಾಡಾರ್‌ಗೆ ಕಳಿಸುತ್ತಿರುತ್ತದೆ. ಅದನ್ನು 7500ಕ್ಕೆ ತಿರುಗಿಸಿದರೆ, ಬಾಯಿಬಿಟ್ಟು ಒಂದು ಮಾತೂ ಆಡದೆ, ಅಪಹರಣವಾಗಿದೆ ಎಂಬುದು ವಾಯು ಸಂಚಾರ ನಿಯಂತ್ರಕರಿಗೆ ಗೊತ್ತಾಗುತ್ತದೆ. ರೇಡಿಯೊ ಕೆಟ್ಟಾಗ 7600, ಬೇರೆ ತುರ್ತಿಗೆ 7700.

ಮೂರನೆಯದು ಕಾಲ ತಳ್ಳುವುದು. ಇಲ್ಲಿ ಕ್ಯಾಪ್ಟನ್ ಕೈಯಲ್ಲಿರುವ ದೊಡ್ಡ ಅಸ್ತ್ರ ಇಂಧನದ ಲೆಕ್ಕ. ಎಷ್ಟು ಇಂಧನ ಉಳಿದಿದೆ, ಅದರಲ್ಲಿ ಎಲ್ಲಿಯವರೆಗೆ ಹೋಗಬಹುದು, ಯಾವ ರನ್‌ವೇ ಸಾಲುತ್ತದೆ, ಯಾವ ದೇಶದ ನಕ್ಷೆ ಕಾಕ್‌ಪಿಟ್‌ನಲ್ಲಿದೆ ಎಂಬುದು ಅಪಹರಣಕಾರರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಭಾರತದ ಬಹುಪಾಲು ಪ್ರಕರಣಗಳಲ್ಲಿ ಕ್ಯಾಪ್ಟನ್‌ಗಳು ಚೌಕಾಸಿ ಮಾಡಿದ್ದು ಇದೇ ಲೆಕ್ಕವನ್ನು ಮುಂದಿಟ್ಟುಕೊಂಡು. ಕೆಲವೊಮ್ಮೆ ಲೆಕ್ಕ ನಿಜ, ಕೆಲವೊಮ್ಮೆ ಬೇಕೆಂದೇ ಹೇಳಿದ್ದು.

ನಾಲ್ಕನೆಯದು ಕ್ಯಾಬಿನ್‌ನ ಹೊಣೆ. ಪ್ರಯಾಣಿಕರ ಊಟ, ನೀರು, ಔಷಧಿ, ಭಯ ಎಲ್ಲವನ್ನೂ ನೋಡಿಕೊಳ್ಳುವವರು ಗಗನಸಖಿಯರು ಮತ್ತು ಕ್ಯಾಬಿನ್ ಸಿಬ್ಬಂದಿ. ಕ್ಯಾಪ್ಟನ್ ಹೆಸರು ಪತ್ರಿಕೆಯಲ್ಲಿ ಬರುತ್ತದೆ, ಇವರದ್ದು ಅಪರೂಪಕ್ಕೆ.

ವರ್ತನೆಯ ಬಗೆಗಳು

ಎಲ್ಲ ಕ್ಯಾಪ್ಟನ್‌ಗಳೂ ಒಂದೇ ದಾರಿ ಹಿಡಿದಿಲ್ಲ. ಹೇಳಿದಂತೆ ಕೇಳುತ್ತಲೇ ತಡಮಾಡುವುದು 2001ರವರೆಗೆ ಸಾಮಾನ್ಯವಾಗಿ ಕಲಿಸುತ್ತಿದ್ದ ಕ್ರಮ. ನೇರ ಪ್ರತಿರೋಧಕ್ಕೆ ಪ್ರಸಿದ್ಧ ಉದಾಹರಣೆ 1970ರ ಸೆಪ್ಟೆಂಬರ್ 6ರಂದು ಇಸ್ರೇಲಿನ ಎಲ್ ಆಲ್ ವಿಮಾನದ ಕ್ಯಾಪ್ಟನ್ ಉರಿ ಬಾರ್‌ಲೆವ್. ಅವರು ಕಾಕ್‌ಪಿಟ್ ಬಾಗಿಲು ತೆರೆಯಲು ನಿರಾಕರಿಸಿ ವಿಮಾನವನ್ನು ಹಠಾತ್ತನೆ ಕೆಳಕ್ಕೆ ಧುಮುಕಿಸಿದರು. ಆಯತಪ್ಪಿ ಬಿದ್ದ ಅಪಹರಣಕಾರರನ್ನು ಒಳಗಿದ್ದವರು ಹಿಡಿದುಹಾಕಿದರು.

1976ರ ಜೂನ್‌ನಲ್ಲಿ ಉಗಾಂಡದ ಎಂಟೆಬೆಗೆ ಒಯ್ಯಲಾದ ಏರ್ ಫ್ರಾನ್ಸ್ ವಿಮಾನದ ಕ್ಯಾಪ್ಟನ್ ಮಿಶೆಲ್ ಬಾಕೊ ಮತ್ತು ಅವರ ಸಿಬ್ಬಂದಿ, ಬಿಡುಗಡೆಯ ಅವಕಾಶ ಬಂದಾಗ, ಒತ್ತೆಯಾಳುಗಳ ಜೊತೆಯಲ್ಲೇ ಉಳಿದರು. 1977ರ ಅಕ್ಟೋಬರ್‌ನಲ್ಲಿ ಲುಫ್ತಾನ್ಸಾ ಕ್ಯಾಪ್ಟನ್ ಯೂರ್ಗೆನ್ ಶೂಮನ್ ಅಪಹರಣಕಾರರು ಎಷ್ಟು ಮಂದಿ ಎಂಬುದನ್ನು ದುಬೈನಲ್ಲಿ ಗುಟ್ಟಾಗಿ ಹೊರಗೆ ತಿಳಿಸಿದರು. ಏಡನ್‌ನಲ್ಲಿ ಕೆಳಗಿಳಿದವರು ತಿರುಗಿ ವಿಮಾನಕ್ಕೇ ಬಂದರು. ಅಲ್ಲಿ ಅವರನ್ನು ಗುಂಡಿಟ್ಟು ಕೊಂದರು. ವಿಮಾನವನ್ನು ಮೊಗದಿಶುವಿಗೆ ಹಾರಿಸಿದವರು ಸಹಪೈಲಟ್ ಯೂರ್ಗೆನ್ ಫೀಟರ್. 1996ರ ನವೆಂಬರ್ 23ರಂದು ಇಥಿಯೋಪಿಯನ್ ಏರ್‌ಲೈನ್ಸ್ ಕ್ಯಾಪ್ಟನ್ ಲೆಉಲ್ ಅಬಾಟೆ ಇಂಧನ ಸಾಲದೆಂದು ಎಷ್ಟು ಹೇಳಿದರೂ ಅಪಹರಣಕಾರರು ನಂಬಲಿಲ್ಲ. ಎಂಜಿನ್‌ಗಳು ನಿಂತ ಬೋಯಿಂಗ್ 767 ಅನ್ನು ಅವರು ಕೊಮೊರೊ ದ್ವೀಪದ ಅಂಚಿನ ಸಮುದ್ರದಲ್ಲಿ ಇಳಿಸಿದರು. 175 ಜನರಲ್ಲಿ ಉಳಿದವರು 50.

ಹೆಚ್ಚು ಚರ್ಚೆಗೆ ಒಳಗಾದದ್ದು 1986ರ ಸೆಪ್ಟೆಂಬರ್ 5ರ ಕರಾಚಿ ಪ್ರಕರಣ. ಮುಂಬೈಯಿಂದ ಬಂದಿದ್ದ ಪ್ಯಾನ್ ಆಮ್ 73ಕ್ಕೆ ಶಸ್ತ್ರಧಾರಿಗಳು ನುಗ್ಗಿದರು. ಕ್ಯಾಬಿನ್ ಸಿಬ್ಬಂದಿ ಎಚ್ಚರಿಕೆ ಮುಟ್ಟಿಸಿದ ಕೂಡಲೇ ಕಾಕ್‌ಪಿಟ್‌ನವರು ಮೇಲ್ಛಾವಣಿಯ ತುರ್ತು ಕಿಂಡಿಯಿಂದ ಇಳಿದುಹೋದರು. ವಿಮಾನ ಹಾರಿಸುವವರೇ ಇಲ್ಲದೆ ಅಪಹರಣಕಾರರ ಯೋಜನೆ ನೆಲಕ್ಕೆ ಅಂಟಿಕೊಂಡಿತು. ಅದು ಆಗ ವಿಧಿಸಲಾಗಿದ್ದ ಕ್ರಮವೇ. ಆದರೆ ಸುಮಾರು ಹದಿನೇಳು ಗಂಟೆ ಪ್ರಯಾಣಿಕರ ನಡುವೆ ನಿಂತದ್ದು ಕ್ಯಾಬಿನ್ ಸಿಬ್ಬಂದಿ. ಕೊನೆಯಲ್ಲಿ ಗುಂಡು ಹಾರಿದಾಗ ಮಕ್ಕಳನ್ನು ರಕ್ಷಿಸುತ್ತಾ ಪ್ರಾಣಬಿಟ್ಟ ನೀರಜಾ ಭಾನೋಟ್ ಅವರಿಗೆ ಮರಣೋತ್ತರವಾಗಿ ಅಶೋಕ ಚಕ್ರ ಸಂದಿತು. ಕಾಕ್‌ಪಿಟ್ ಬಿಟ್ಟದ್ದು ಸರಿಯೇ ತಪ್ಪೇ ಎಂಬ ವಾದದಲ್ಲಿ ಒಂದು ಸಂಗತಿಯನ್ನು ಮರೆಯಲಾಗದು: ವಿಮಾನ ನೆಲದಲ್ಲಿದ್ದಾಗ ಮತ್ತು ಗಾಳಿಯಲ್ಲಿದ್ದಾಗ ಕ್ಯಾಪ್ಟನ್‌ನ ಕರ್ತವ್ಯ ಒಂದೇ ಅಲ್ಲ.

ಭಾರತದ ಪ್ರಕರಣಗಳು

1971ರ ಜನವರಿ 30ರಂದು ಶ್ರೀನಗರದಿಂದ ಜಮ್ಮುವಿಗೆ ಹೊರಟಿದ್ದ ಇಂಡಿಯನ್ ಏರ್‌ಲೈನ್ಸ್‌ನ ‘ಗಂಗಾ’ ಎಂಬ ಫೋಕರ್ ಫ್ರೆಂಡ್‌ಶಿಪ್ ವಿಮಾನವನ್ನು ಲಾಹೋರ್‌ಗೆ ಒಯ್ದರು. ಕ್ಯಾಪ್ಟನ್ ಎಂ.ಕೆ. ಕಾಚ್ರು. ಪ್ರಯಾಣಿಕರು ಸುರಕ್ಷಿತವಾಗಿ ಮರಳಿದರು, ವಿಮಾನವನ್ನು ಸುಟ್ಟರು. ಪಾಕಿಸ್ತಾನದ ವಿಮಾನಗಳು ತನ್ನ ಆಕಾಶದಲ್ಲಿ ಹಾರದಂತೆ ಭಾರತ ಆಗ ನಿಷೇಧ ಹೇರಿತು. 1976ರ ಸೆಪ್ಟೆಂಬರ್ 10ರಂದು ದೆಹಲಿಯಿಂದ ಹೊರಟ ಬೋಯಿಂಗ್ 737ರ ಕ್ಯಾಪ್ಟನ್ ಬಿ.ಎನ್. ರೆಡ್ಡಿ ಮತ್ತು ಸಹಪೈಲಟ್ ಆರ್.ಎಸ್. ಯಾದವ್ ಅವರಿಗೆ ಲಿಬಿಯಾಕ್ಕೆ ಹಾರುವಂತೆ ಆದೇಶವಾಯಿತು. ಇಂಧನವಿಲ್ಲ ಎಂಬ ಉತ್ತರದ ಮೇಲೆ ವಿಮಾನ ಲಾಹೋರ್‌ನಲ್ಲಿ ಇಳಿಯಿತು. ಅಲ್ಲಿನ ಅಧಿಕಾರಿಗಳು ಅಪಹರಣಕಾರರನ್ನು ಹಿಡಿದು ವಿಮಾನವನ್ನು ಮರಳಿಸಿದರು. ಈ ಘಟನೆಯ ಬೆನ್ನಿಗೆ, ಪಾಂಡೆ ಸಮಿತಿಯ ಶಿಫಾರಸಿನಂತೆ, 1978ರ ಜನವರಿಯಲ್ಲಿ ನಾಗರಿಕ ವಿಮಾನಯಾನ ಭದ್ರತಾ ವಿಭಾಗ ಹುಟ್ಟಿತು. 1987ರಲ್ಲಿ ಅದು ಸ್ವತಂತ್ರ ಬ್ಯೂರೊ ಆಯಿತು.

ಕರ್ನಾಟಕದ ರಾಜಕೀಯಕ್ಕೆ ನೇರವಾಗಿ ತಳಕು ಹಾಕಿಕೊಂಡ ಅಪಹರಣ 1978ರದ್ದು. ಆ ನವೆಂಬರ್‌ನಲ್ಲಿ, ಡಿ.ಬಿ. ಚಂದ್ರೇಗೌಡ ತೆರವು ಮಾಡಿದ್ದ ಚಿಕ್ಕಮಗಳೂರು ಕ್ಷೇತ್ರದ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ ಜನತಾ ಪಕ್ಷದ ವೀರೇಂದ್ರ ಪಾಟೀಲರನ್ನು ಸೋಲಿಸಿ ಲೋಕಸಭೆಗೆ ಮರಳಿದ್ದರು. ಡಿಸೆಂಬರ್ 19ರಂದು ಹಕ್ಕುಚ್ಯುತಿಯ ಆರೋಪದ ಮೇಲೆ ಸದನ ಅವರನ್ನು ಉಚ್ಚಾಟಿಸಿ ತಿಹಾರ್ ಜೈಲಿಗೆ ಕಳಿಸಿತು. ಮರುದಿನ ಲಖನೌದಿಂದ ದೆಹಲಿಗೆ ಬರುತ್ತಿದ್ದ ಇಂಡಿಯನ್ ಏರ್‌ಲೈನ್ಸ್‌ನ ಐಸಿ 410 ವಿಮಾನದಲ್ಲಿ ಭೋಲಾನಾಥ್ ಪಾಂಡೆ ಮತ್ತು ದೇವೇಂದ್ರನಾಥ್ ಪಾಂಡೆ ಎಂಬ ಇಬ್ಬರು ಯುವಕರು, ಚಿಕ್ಕಮಗಳೂರಿನ ಉಚ್ಚಾಟಿತ ಸಂಸದೆಯನ್ನು ಬಿಡುಗಡೆ ಮಾಡಬೇಕೆಂದು ಪಟ್ಟುಹಿಡಿದು ಕಾಕ್‌ಪಿಟ್ ಪ್ರವೇಶಿಸಿದರು. ಕೈಯಲ್ಲಿದ್ದದ್ದು ಆಟಿಕೆ ಪಿಸ್ತೂಲು ಮತ್ತು ಕ್ರಿಕೆಟ್ ಚೆಂಡು. ಆದರೆ ಅದು ಆಟಿಕೆಯೆಂದು ಗೊತ್ತಾದದ್ದು ನಂತರ. ಹಾರುವಾಗ ಕ್ಯಾಪ್ಟನ್ ಅದನ್ನು ನಿಜವಾದ ಆಯುಧ ಎಂದೇ ಭಾವಿಸಬೇಕಿತ್ತು.

ಅಪಹರಣಕಾರರು ನೇಪಾಳಕ್ಕೆ ಹಾರಿಸಲು ಹೇಳಿದರು. ಅಷ್ಟು ಇಂಧನವಿಲ್ಲ ಎಂದರು ಕ್ಯಾಪ್ಟನ್ ಎಂ.ಎನ್. ಬಟ್ಟಿವಾಲಾ. ಹಾಗಾದರೆ ಬಾಂಗ್ಲಾದೇಶಕ್ಕೆ ನಡೆ ಎಂದರು. ನೇಪಾಳಕ್ಕೇ ಸಾಲದ ಇಂಧನ ಇನ್ನೂ ದೂರದ ಬಾಂಗ್ಲಾದೇಶಕ್ಕೆ ಸಾಲುವುದು ಹೇಗೆಂಬುದು ಅವರಿಗೆ ಹೊಳೆಯಲಿಲ್ಲ. ಕೊನೆಗೆ ವಿಮಾನ ವಾರಾಣಸಿಯಲ್ಲಿ ಇಳಿಯಿತು. ಉತ್ತರ ಪ್ರದೇಶದ ಮುಖ್ಯಮಂತ್ರಿ ರಾಮ್ ನರೇಶ್ ಯಾದವ್ ಮಾತುಕತೆಗೆ ಬಂದರು, ಮರುದಿನ ಬೆಳಿಗ್ಗೆ ಇಬ್ಬರೂ ಶರಣಾದರು. ಯಾರಿಗೂ ಗಾಯವಾಗಲಿಲ್ಲ. 1980ರಲ್ಲಿ ಇಬ್ಬರೂ ಕಾಂಗ್ರೆಸ್ ಟಿಕೆಟ್‌ನಲ್ಲಿ ಉತ್ತರ ಪ್ರದೇಶ ವಿಧಾನಸಭೆಗೆ ಆಯ್ಕೆಯಾದದ್ದು ಭಾರತದ ಅಪಹರಣಗಳ ಇತಿಹಾಸದಲ್ಲೇ ವಿಚಿತ್ರವಾದ ಟಿಪ್ಪಣಿ.

1981ರ ನವೆಂಬರ್ 25ರಂದು ಸೆಶೆಲ್ಸ್‌ನ ಮಾಹೆ ನಿಲ್ದಾಣಕ್ಕೆ ಬಂದ ಏರ್ ಇಂಡಿಯಾ ಬೋಯಿಂಗ್ 707, ಬಾಡಿಗೆ ಸೈನಿಕ ಮೈಕ್ ಹೋರ್‌ನ ತಂಡ ಮತ್ತು ಸ್ಥಳೀಯ ಸೇನೆಯ ಗುಂಡಿನ ಕಾಳಗದ ನಡುವೆಯೇ ಇಳಿಯಬೇಕಾಯಿತು. ಹೋರ್‌ನ ತಂಡ ಅದನ್ನು ವಶಪಡಿಸಿಕೊಂಡಿತು. ಕ್ಯಾಪ್ಟನ್ ಉಮೇಶ್ ಸಕ್ಸೇನಾ ಎರಡು ಕಡೆಯವರ ನಡುವೆ ಮಾತುಕತೆಗೆ ನೆರವಾಗಿ, ಪ್ರಯಾಣಿಕರನ್ನು ಸುರಕ್ಷಿತವಾಗಿ ದಕ್ಷಿಣ ಆಫ್ರಿಕದ ಡರ್ಬನ್ ತಲುಪಿಸಿದರು.

1984ರ ಆಗಸ್ಟ್ 24ರಂದು ಐಸಿ 421 ವಿಮಾನವನ್ನು ಕ್ಯಾಪ್ಟನ್ ವಿ.ಕೆ. ಮೆಹ್ತಾ ಅವರು ಲಾಹೋರ್, ಕರಾಚಿ ಮಾರ್ಗವಾಗಿ ದುಬೈಗೆ ಒಯ್ಯಬೇಕಾಯಿತು. ರಕ್ಷಣಾ ತಜ್ಞ ಕೆ. ಸುಬ್ರಹ್ಮಣ್ಯಂ ಅದರಲ್ಲಿದ್ದರು. ದೆಹಲಿಯಲ್ಲಿ ಬಿಕ್ಕಟ್ಟನ್ನು ನಿಭಾಯಿಸುತ್ತಿದ್ದ ತಂಡದಲ್ಲಿದ್ದ ಕಿರಿಯ ಅಧಿಕಾರಿ, ಅವರ ಮಗ ಎಸ್. ಜೈಶಂಕರ್. 1993ರ ಏಪ್ರಿಲ್‌ನಲ್ಲಿ ಅಮೃತಸರದಲ್ಲಿ ಇಳಿದ ಐಸಿ 427 ಅನ್ನು ರಾಷ್ಟ್ರೀಯ ಭದ್ರತಾ ದಳ ‘ಅಶ್ವಮೇಧ’ ಕಾರ್ಯಾಚರಣೆಯಲ್ಲಿ ಬಿಡಿಸಿತು. ಅಪಹರಣಕಾರ ಸತ್ತ, ಉಳಿದವರೆಲ್ಲರೂ ಪಾರಾದರು.

ಐಸಿ 814

1999ರ ಡಿಸೆಂಬರ್ 24ರ ಸಂಜೆ ಕಠ್ಮಂಡುವಿನಿಂದ ದೆಹಲಿಗೆ ಹೊರಟ ಏರ್‌ಬಸ್ ಎ300 ವಿಮಾನದಲ್ಲಿ ಐವರು ಅಪಹರಣಕಾರರೂ ಸೇರಿ ಸುಮಾರು 190 ಜನರಿದ್ದರು. ಕಾಕ್‌ಪಿಟ್‌ನಲ್ಲಿ ಕ್ಯಾಪ್ಟನ್ ದೇವಿ ಶರಣ್, ಸಹಪೈಲಟ್ ರಾಜಿಂದರ್ ಕುಮಾರ್, ಫ್ಲೈಟ್ ಎಂಜಿನಿಯರ್ ಅನಿಲ್ ಜಗ್ಗಿಯಾ. ಭಾರತದ ಆಕಾಶ ಪ್ರವೇಶಿಸಿದ ಮೇಲೆ ಅಪಹರಣಕಾರರು ಲಾಹೋರ್‌ಗೆ ಹೋಗಲು ಹೇಳಿದರು. ಪಾಕಿಸ್ತಾನ ಅನುಮತಿ ಕೊಡಲಿಲ್ಲ. ಇಂಧನ ಸಾಲದೆಂದು ಒಪ್ಪಿಸಿ ದೇವಿ ಶರಣ್ ವಿಮಾನವನ್ನು ಅಮೃತಸರದಲ್ಲಿ ಇಳಿಸಿದರು. ನೆಲದಲ್ಲಿ ಏನಾದರೂ ಕ್ರಮ ನಡೆಯಲಿ ಎಂಬ ಆಸೆ ಅದರ ಹಿಂದಿತ್ತು.

ಅಲ್ಲಿ ಸುಮಾರು ಮುಕ್ಕಾಲು ಗಂಟೆ ಕಳೆಯಿತು. ಇಂಧನ ಟ್ಯಾಂಕರ್ ತಡವಾಯಿತು, ದೆಹಲಿಯ ನಿರ್ಧಾರ ಇನ್ನೂ ತಡವಾಯಿತು, ಒಳಗೆ ಪ್ರಯಾಣಿಕರಿಗೆ ಇರಿಯಲಾಗುತ್ತಿತ್ತು. ಕೊನೆಗೆ ನಿಯಂತ್ರಕರ ಅನುಮತಿಯಿಲ್ಲದೆ, ಇಂಧನ ತುಂಬಿಸಿಕೊಳ್ಳದೆ ವಿಮಾನ ಮೇಲೇರಿತು. ಕ್ಯಾಪ್ಟನ್ ತಮ್ಮ ಪಾಲಿನ ಕೆಲಸ ಮುಗಿಸಿದ್ದರು, ನೆಲದವರು ಮುಗಿಸಲಿಲ್ಲ.

ಲಾಹೋರ್ ಮತ್ತೆ ನಿರಾಕರಿಸಿತು, ನಿಲ್ದಾಣದ ದೀಪಗಳನ್ನು ಆರಿಸಿತು. ಕತ್ತಲಲ್ಲಿ ಇಳಿಯಲು ಹೋದ ದೇವಿ ಶರಣ್‌ಗೆ ರನ್‌ವೇಯಂತೆ ಕಂಡದ್ದು ಒಂದು ರಸ್ತೆ. ಕೊನೆಯ ಗಳಿಗೆಯಲ್ಲಿ ವಿಮಾನವನ್ನು ಮೇಲೆತ್ತಿದರು. ಆಮೇಲೆ ದೀಪ ಬೆಳಗಿತು, ಅನುಮತಿ ಸಿಕ್ಕಿತು. ಇಂಧನ ತುಂಬಿಸಿಕೊಂಡು ವಿಮಾನ ದುಬೈ ಬಳಿಯ ಅಲ್ ಮಿನ್ಹಾದ್ ವಾಯುನೆಲೆಗೆ ಹೋಯಿತು. ಅಲ್ಲಿ 27 ಪ್ರಯಾಣಿಕರನ್ನೂ ಅಪಹರಣಕಾರರಿಂದ ಕೊಲೆಯಾದ ಪ್ರಯಾಣಿಕ ರೂಪಿನ್ ಕತ್ಯಾಲ್ ಅವರ ದೇಹವನ್ನೂ ಇಳಿಸಿ, 25ರ ಬೆಳಿಗ್ಗೆ ಅಫ್ಘಾನಿಸ್ತಾನದ ಕಂದಹಾರ್ ತಲುಪಿತು. ಡಿಸೆಂಬರ್ 31ರಂದು ಮೂವರು ಭಯೋತ್ಪಾದಕರನ್ನು ಬಿಟ್ಟ ಮೇಲೆ ಒತ್ತೆಯಾಳುಗಳ ಬಿಡುಗಡೆಯಾಯಿತು. ಸಿಬ್ಬಂದಿ ಅಲ್ಲಿಯವರೆಗೂ ವಿಮಾನದಲ್ಲೇ ಇದ್ದರು. ದೇವಿ ಶರಣ್‌ಗೆ ಆಗ 40 ತುಂಬಿರಲಿಲ್ಲ. ನಂತರವೂ ಅವರು ದಶಕಗಳ ಕಾಲ ಹಾರಿಸುತ್ತಲೇ ಇದ್ದು, 2025ರ ಜನವರಿಯಲ್ಲಿ ಏರ್ ಇಂಡಿಯಾದಿಂದ ನಿವೃತ್ತರಾದರು.

2001ರ ನಂತರದ ಬದಲಾವಣೆ

2001ರ ಸೆಪ್ಟೆಂಬರ್ 11ರಂದು ಅಮೆರಿಕದ ಮೇಲೆ ನಡೆದ ದಾಳಿಯಲ್ಲಿ ಅಪಹರಣಕಾರರಿಗೆ ಪೈಲಟ್ ಬೇಕಾಗಿರಲಿಲ್ಲ, ವಿಮಾನವೇ ಆಯುಧವಾಗಿತ್ತು. ಹೇಳಿದಂತೆ ಕೇಳಿ ಕಾಲ ತಳ್ಳುವ ಹಳೆಯ ಪಾಠ ಅಂದಿಗೆ ಮುಗಿಯಿತು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ದೊಡ್ಡ ಪ್ರಯಾಣಿಕ ವಿಮಾನಗಳಿಗೆ 2003ರ ನವೆಂಬರ್‌ನಿಂದ ಗುಂಡು ನಿರೋಧಕ ಕಾಕ್‌ಪಿಟ್ ಬಾಗಿಲು ಕಡ್ಡಾಯ ಮಾಡಿತು. ಈಗಿನ ಕ್ಯಾಪ್ಟನ್‌ಗೆ ಮೊದಲ ಆದೇಶ ಬಾಗಿಲು ತೆರೆಯಬೇಡ ಎಂಬುದು. ಎರಡನೆಯದು ಹತ್ತಿರದ ತಕ್ಕ ನಿಲ್ದಾಣದಲ್ಲಿ ಬೇಗ ಇಳಿಸು ಎಂಬುದು. ಬಾಗಿಲಾಚೆ ಯಾರನ್ನಾದರೂ ಹಿಂಸಿಸುತ್ತಿದ್ದರೂ ಒಳಗೆ ಕುಳಿತು ಹಾರಿಸುತ್ತಿರಬೇಕು. ಹಿಂದಿನ ಕ್ಯಾಪ್ಟನ್ ಅಪಹರಣಕಾರನ ಮುಖ ನೋಡುತ್ತಾ ಮಾತಾಡಬೇಕಿತ್ತು. ಈಗಿನವರು ಕೇಳಿಯೂ ಕದಲದೆ ಇರಬೇಕು. ಹೀಗಿರುವುದು ಸುಲಭವಲ್ಲ.

ಭಾರತದ 2005ರ ನೀತಿಯಂತೆ ಅಪಹೃತ ವಿಮಾನ ನಮ್ಮ ನೆಲದಲ್ಲಿ ಇಳಿದರೆ ಮತ್ತೆ ಏರಲು ಬಿಡುವಂತಿಲ್ಲ. ಆಯುಧವಾಗಿ ಬಳಕೆಯಾಗುವ ವಿಮಾನವನ್ನು ಹೊಡೆದುರುಳಿಸುವ ಅವಕಾಶವೂ ಅದರಲ್ಲಿದೆ. ಅಮೃತಸರದ ಪಾಠ ಇಲ್ಲಿ ಸ್ಪಷ್ಟ.

ಕರ್ನಾಟಕದಲ್ಲಿ

ಕರ್ನಾಟಕದ ಪೈಲಟ್ ತರಬೇತಿಯ ಹಳೆಯ ಕೇಂದ್ರ ಬೆಂಗಳೂರಿನ ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆ. ವಿಮಾನ ಸಂಸ್ಥೆ ಸೇರಿದ ಮೇಲೆ ಪೈಲಟ್‌ಗಳಿಗೂ ಕ್ಯಾಬಿನ್ ಸಿಬ್ಬಂದಿಗೂ ಭದ್ರತಾ ತರಬೇತಿ ಪ್ರತ್ಯೇಕವಾಗಿ ನಡೆಯುತ್ತದೆ. ಐಸಿ 814ರ ನಂತರ, 2000ದಿಂದ, ದೊಡ್ಡ ನಿಲ್ದಾಣಗಳ ಕಾವಲು ಹಂತಹಂತವಾಗಿ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಗೆ ಬಂತು; ಬೆಂಗಳೂರು, ಮಂಗಳೂರು ಅದರಲ್ಲಿ ಸೇರಿವೆ.

ಹಳೇ ಹುಬ್ಬಳ್ಳಿ, ನವನಗರ, ಧಾರವಾಡದ ಪ್ರಯಾಣಿಕರಿಗೆ ಹತ್ತಿರದ ವಿಮಾನ ನಿಲ್ದಾಣ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿದೆ. 2003ರಲ್ಲಿ ಏರ್ ಡೆಕ್ಕನ್ ತನ್ನ ಆರಂಭದ ದಿನಗಳಲ್ಲೇ ಬೆಂಗಳೂರು–ಹುಬ್ಬಳ್ಳಿ ನಡುವೆ ಚಿಕ್ಕ ಎಟಿಆರ್ ವಿಮಾನ ಹಾರಿಸಿತ್ತು. 2017ರ ವಿಸ್ತರಣೆಯ ಬಳಿಕ ರನ್‌ವೇ 2,600 ಮೀಟರ್ ಉದ್ದವಿದ್ದು, ಏರ್‌ಬಸ್ 320, ಬೋಯಿಂಗ್ 737 ಬಗೆಯ ವಿಮಾನಗಳು ಇಳಿಯಬಲ್ಲವು. ಇದಕ್ಕೂ ಈ ಲೇಖನದ ವಿಷಯಕ್ಕೂ ಸಂಬಂಧವಿದೆ: ಇಳಿಯಲು ಹತ್ತಿರದ ಉದ್ದ ರನ್‌ವೇ ಎಲ್ಲಿದೆ ಎಂದು ಹುಡುಕುವ ಕ್ಯಾಪ್ಟನ್‌ನ ಪಟ್ಟಿಯಲ್ಲಿ ಇಂಥ ಎರಡನೇ ಸಾಲಿನ ಊರುಗಳ ನಿಲ್ದಾಣಗಳೂ ಬರುತ್ತವೆ. 1976 ಮತ್ತು 1978ರ ಕ್ಯಾಪ್ಟನ್‌ಗಳಿಗೆ ಅಷ್ಟು ಆಯ್ಕೆಗಳಿರಲಿಲ್ಲ. ಬೆದರಿಕೆಗೆ ಒಳಗಾದ ವಿಮಾನವನ್ನು ಇತರ ನಿಲುಗಡೆ ಜಾಗ ಮತ್ತು ಕಟ್ಟಡಗಳಿಂದ ಕನಿಷ್ಠ 100 ಮೀಟರ್ ದೂರದ ಪ್ರತ್ಯೇಕ ಜಾಗದಲ್ಲಿ ನಿಲ್ಲಿಸಬೇಕೆಂಬುದು ಅಂತರರಾಷ್ಟ್ರೀಯ ನಿಯಮ.

ಇಂದಿನ ಸ್ಥಿತಿ

ಐಸಿ 814ರ ನಂತರ ಭಾರತದ ವಿಮಾನವೊಂದು ಆ ಬಗೆಯಲ್ಲಿ ಪರದೇಶಕ್ಕೆ ಹೋಗಿಲ್ಲ. ಈಗ ಕ್ಯಾಪ್ಟನ್‌ಗಳು ಹೆಚ್ಚಾಗಿ ಎದುರಿಸುವುದು ಹುಸಿ ಬೆದರಿಕೆಗಳನ್ನು. 2017ರ ಅಕ್ಟೋಬರ್ 30ರಂದು ಮುಂಬೈಯಿಂದ ದೆಹಲಿಗೆ ಹೊರಟಿದ್ದ ಜೆಟ್ ಏರ್‌ವೇಸ್ ವಿಮಾನದ ಶೌಚಾಲಯದಲ್ಲಿ ಬೆದರಿಕೆ ಚೀಟಿಯೊಂದು ಸಿಕ್ಕಿತು. ಕ್ಯಾಪ್ಟನ್ ವಿಮಾನವನ್ನು ಅಹಮದಾಬಾದ್‌ನಲ್ಲಿ ಇಳಿಸಿದರು. ಚೀಟಿಯಲ್ಲಿದ್ದದ್ದು ನಿಜವೋ ಸುಳ್ಳೋ ಎಂದು ಗಾಳಿಯಲ್ಲಿ ಪರೀಕ್ಷಿಸುವ ದಾರಿ ಅವರಿಗಿರಲಿಲ್ಲ. 1978ರ ಆಟಿಕೆ ಪಿಸ್ತೂಲಿನ ಮುಂದೆ ಬಟ್ಟಿವಾಲಾ ಅವರಿಗೂ ಇರಲಿಲ್ಲ. 2016ರ ಕಾಯಿದೆಯಡಿ ಮೊದಲ ಶಿಕ್ಷೆ ಬಂದದ್ದು ಇದೇ ಮೊಕದ್ದಮೆಯಲ್ಲಿ. 2019ರ ಜೂನ್‌ನಲ್ಲಿ ವಿಶೇಷ ನ್ಯಾಯಾಲಯ ಆರೋಪಿಗೆ ಜೀವಾವಧಿ ಶಿಕ್ಷೆ, 5 ಕೋಟಿ ರೂಪಾಯಿ ದಂಡ ವಿಧಿಸಿ, ಅದರಿಂದ ಪೈಲಟ್‌ಗಳಿಗೆ ತಲಾ 1 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು. ಸಾಕ್ಷ್ಯ ಸಾಲದೆಂದು ಗುಜರಾತ್ ಹೈಕೋರ್ಟ್ 2023ರ ಆಗಸ್ಟ್‌ನಲ್ಲಿ ಆ ತೀರ್ಪನ್ನು ರದ್ದುಪಡಿಸಿತು.